ಅಕ್ಕನ ಕಾಲಿಗೆ ತಕ್ಕ ಪ್ಲೇಟ್

ಮೂಡಲಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಲ್ಲಾರಿಯ ಚರ್ಮದ ಕೆಲಸದ ಅಂಗಡಿ ಇದೆ. ಬಾಗಿಲ ಮೇಲೆ ಹಳದಿ ಬೋರ್ಡು, ಬೋರ್ಡಿನ ಮೇಲೆ ಅವನೇ ಯೋಚಿಸಿ ಬರೆಸಿದ ಮಾತು: ‘ಇಲ್ಲಿ ಹಾಕಿದ ಹೊಲಿಗೆ ಬಿಚ್ಚುವುದಿಲ್ಲ.’ ಮಾತೇನೂ ಸುಳ್ಳಲ್ಲ. ಎತ್ತಿನ ಕೊರಳಿನ ಗೆಜ್ಜೆ ಪಟ್ಟಿ, ಶಾಲೆಯ ಚೀಲ, ಬೈಕಿನ ಸೀಟು, ಯಾವುದರಲ್ಲೂ ಅವನ ಹೊಲಿಗೆ ಬಿಚ್ಚಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಚರ್ಮ ಹರಿದು ಚಿಂದಿಯಾದ ಮೇಲೂ ಹೊಲಿಗೆ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಯಾರಾದರೂ ಬೋರ್ಡು ಓದಿ ಹೊಗಳಿದರೆ ಯಲ್ಲಾರಿ ಈಗ ನಕ್ಕುಬಿಡುತ್ತಾನೆ. ಬಿಚ್ಚಿದ್ದರೆ ಚೆನ್ನಾಗಿತ್ತು, ಬಿಚ್ಚದೆ ಇದ್ದದ್ದೇ ಎಡವಟ್ಟಾಯಿತು ಎನ್ನುತ್ತಾನೆ. ಎದುರಿನವರಿಗೆ ಒಂದು ಕಪ್ ಚಹಾ ಹೇಳಿ, ಕಥೆಯಲ್ಲಿ ಕತ್ತೆ ಯಾರು ಎಂಬುದನ್ನು ತನ್ನ ಎದೆ ಮುಟ್ಟಿ ತೋರಿಸಿ, ಆಮೇಲೆ ಶುರು ಮಾಡುತ್ತಾನೆ.

ಅವನಿಗೆ ಈಗ ಐವತ್ತೈದು. ಅವನ ಅಪ್ಪ ಆರಿಯಿಂದ ತೂತು ಹಾಕಿ ಕೈಯಲ್ಲೇ ಚರ್ಮ ಹೊಲಿಯುತ್ತಿದ್ದವನು. ಯಲ್ಲಾರಿಯೂ ನಲವತ್ತು ದಾಟುವವರೆಗೆ ಹಾಗೇ ಹೊಲಿದ. ಆಮೇಲೆ ಕಣ್ಣು ಮಂಜಾಯಿತು, ಹೆಬ್ಬೆರಳಿನ ಗಂಟು ಹಿಡಿದುಕೊಂಡಿತು, ನೆಟ್ಟಗೆ ಹೋಗಬೇಕಾದ ಹೊಲಿಗೆ ಎತ್ತು ಉಚ್ಚೆ ಹೊಯ್ದಂತೆ ಹೋಗತೊಡಗಿತು. ಅದೇ ಹೊತ್ತಿಗೆ, ಅಂದರೆ ಹನ್ನೆರಡು ವರ್ಷದ ಹಿಂದೆ, ಹತ್ತರಗಿಯಲ್ಲಿ ಹೆದ್ದಾರಿಯ ಪಕ್ಕ ಲಾರಿಗಳ ತಾಡಪತ್ರಿ ಹೊಲಿಯುತ್ತಿದ್ದ ಹೊಳೆಪ್ಪ ವಯಸ್ಸಾಯಿತೆಂದು ಅಂಗಡಿ ಮುಚ್ಚಿದ. ಅವನ ಭಾರೀ ಮಷಿನ್ನನ್ನು ಯಲ್ಲಾರಿ ಕೊಂಡು ಟೆಂಪೋದಲ್ಲಿ ಹೇರಿಸಿದ. ಹತ್ತರಗಿಯಿಂದ ಮೂಡಲಗಿಯವರೆಗೂ ಡ್ರೈವರನ ಪಕ್ಕ ಕೂರದೆ ಹಿಂದೆ ಮಷಿನ್ನಿನ ಜೊತೆಗೇ ಕೂತು ಬಂದ.

ಸೂಜಿ ಇಳಿಯುವ ಜಾಗದಲ್ಲಿ ಮಷಿನ್ನಿಗೆ ಒಂದು ಉಕ್ಕಿನ ತಗಡು ಕೂಡಿಸಿರುತ್ತಾರೆ. ನಡುವೆ ಸೂಜಿಗೊಂದು ತೂತು, ತೂತಿನ ಆಚೀಚೆ ಸೀಳು. ಆ ಸೀಳಿನಿಂದ ಕಬ್ಬಿಣದ ಹಲ್ಲುಗಳು ಮೇಲೆದ್ದು, ಹೊಲಿಯುವ ಮಾಲನ್ನು ಕೆಳಗಿನಿಂದ ಕಚ್ಚಿ ಹಿಂದಕ್ಕೆ ಎಳೆಯುತ್ತವೆ. ಈ ತಗಡಿಗೆ ಕಸುಬಿನವರು ಪ್ಲೇಟ್ ಎನ್ನುತ್ತಾರೆ. ಹೊಳೆಪ್ಪನ ಮಷಿನ್ನಿನ ಪ್ಲೇಟಿಗೆ ತಾಡಪತ್ರಿಗೆ ಬೇಕಾದಂಥ ಅಗಲ ತೂತು, ದಪ್ಪ ಹಲ್ಲು. ಕೊಡುವಾಗ ಅವನು ಇನ್ನೊಂದು ಪ್ಲೇಟನ್ನೂ ಮುಂದಿಟ್ಟಿದ್ದ: ಸಣ್ಣ ತೂತು, ನಯವಾದ ಮೈ, ಜೊತೆಗೆ ಸಣ್ಣ ಹಲ್ಲು. ಚರ್ಮಕ್ಕೆ ಇದು ಬೇಕಾಗುತ್ತದೆ ಎಂದೂ ಹೇಳಿದ್ದ. ಯಲ್ಲಾರಿ ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, ಇದು ಹೆಣ್ಣುಮಕ್ಕಳ ಪರ್ಸ್ ಹೊಲಿಯುವ ಪ್ಲೇಟು, ನಾವು ಎತ್ತಿನ ಪಟ್ಟಿ ಹೊಲಿಯುವವರು ಎಂದು ಅಲ್ಲೇ ಬಿಟ್ಟು ಬಂದ. ಈ ಭಾಗವನ್ನು ಹೇಳುವಾಗ ಅವನು ಆ ಬೆರಳ ತುದಿಯ ಹಾವಭಾವವನ್ನೂ ಮಾಡಿ ತೋರಿಸುತ್ತಾನೆ.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಎಲ್ಲಕ್ಕಿಂತ ದಪ್ಪ ಸೂಜಿ, ಎಲ್ಲಕ್ಕಿಂತ ದಪ್ಪ ದಾರ ಹಾಕಬೇಕೆಂಬ ಹುಕಿಯಲ್ಲಿ ಅವನು ಪ್ಲೇಟಿನ ತೂತನ್ನು ಕಾನಸಿನಿಂದ ಉಜ್ಜಿ ಇನ್ನಷ್ಟು ದೊಡ್ಡದು ಮಾಡಿದ. ಎತ್ತಿನ ಪಟ್ಟಿಗೆ ಅದು ನಡೆಯಿತು. ಎತ್ತಿನ ಕೊರಳಿನ ತೊಗಲು ದಪ್ಪ, ಮೇಲಾಗಿ ಎತ್ತು ದೂರು ಹೇಳುವುದಿಲ್ಲ. ಆದರೆ ಅದೇ ಮಷಿನ್ನಿನ ಮೇಲೆ ಅವನು ತನ್ನ ಅಕ್ಕನ ಕಾಲಿನ ಪಟ್ಟಿಯನ್ನೂ ಹೊಲಿಯತೊಡಗಿದ್ದ.

ಅಕ್ಕ ಕೆಂಪವ್ವ ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಅಂಕಲಗಿಯ ಕನ್ನಡ ಶಾಲೆಯ ಟೀಚರು. ಎರಡು ವರ್ಷದವಳಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾಳೆ: ಕಾಲಿನ ಎರಡೂ ಬದಿಗೆ ಉಕ್ಕಿನ ಸಲಾಕೆ, ಅವನ್ನು ತೊಡೆಗೂ ಮೀನಖಂಡಕ್ಕೂ ಬಿಗಿಯುವ ಚರ್ಮದ ಪಟ್ಟಿಗಳು. ಪಟ್ಟಿಗೆ ಹೊರಗೆ ದಪ್ಪ ಚರ್ಮ, ಒಳಗೆ ಮೈಗೆ ತಾಗುವ ಕಡೆ ಮೆತ್ತನೆಯ ಆಡಿನ ಚರ್ಮ. ಮೊದಲು ಅಪ್ಪ ಕೈಯಲ್ಲಿ ಹೊಲಿದುಕೊಡುತ್ತಿದ್ದ, ಅವನ ನಂತರ ಯಲ್ಲಾರಿ. ಅಪ್ಪ ಸತ್ತಾಗ ಓದು ಬಿಟ್ಟು ಕಂಗಾಲಾಗಿದ್ದ ತಮ್ಮನನ್ನು ಕಸುಬಿನಲ್ಲಿ ನಿಲ್ಲಿಸಿದ್ದು ಅವಳೇ. ಅವಳ ಋಣ ತೀರಿಸುವ ದಾರಿ ಈ ಪಟ್ಟಿ ಎಂದು ಯಲ್ಲಾರಿ ನಂಬಿದ್ದ. ಎರಡು ವರ್ಷಕ್ಕೊಮ್ಮೆ ಹೊಸ ಪಟ್ಟಿ ಒಯ್ದು, ಬೆಳಕಿಗೆ ಹಿಡಿದು, ಫ್ಯಾಕ್ಟರಿಯಲ್ಲೂ ಇಂಥ ಹೊಲಿಗೆ ಸಿಗುವುದಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಪಟ್ಟಿ ಹೇಗಿದೆ ಎಂದು ಕೇಳುತ್ತಿದ್ದ. ಪಟ್ಟಿ ಚಂದ ಐತಿ ಎಂದು ಅವಳು ಅನ್ನುತ್ತಿದ್ದಳು. ಇಬ್ಬರೂ ಚಹಾ ಕುಡಿಯುತ್ತಿದ್ದರು.

ಹೋದ ವರ್ಷ ಜೂನ್‌ನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಸಲುವಾಗಿ ಟೀಚರುಗಳು ಮನೆಮನೆಗೆ ಹೋಗಬೇಕಾಯಿತು. ಕೆಂಪವ್ವ ಐದು ದಿನ ಅಂಕಲಗಿಯ ಓಣಿ, ತೋಟದ ಮನೆ ಎಲ್ಲ ಸುತ್ತಿದಳು. ಆರನೆಯ ದಿನ ಕಾಲು ಕೆಳಗಿಡಲಾಗಲಿಲ್ಲ. ಯಲ್ಲಾರಿ ಓಡಿ ಬಂದು ಅವಳನ್ನು ಘಟಪ್ರಭಾದ ದವಾಖಾನೆಗೆ ಕರೆದೊಯ್ದ. ಕಾಲಿನ ಡಾಕ್ಟರು ಅರ್ಚನಾ ಎಂಬವರು, ಮೂವತ್ತರ ಆಸುಪಾಸಿನವರು, ಪಟ್ಟಿ ಬಿಚ್ಚಿಸಿದರು. ಮೀನಖಂಡದ ಸುತ್ತ, ಪಟ್ಟಿಯ ಅಂಚು ಕೂರುವ ಕಡೆ, ಎರಡು ಸಾಲು ಕೆಂಪು ಚುಕ್ಕೆ; ಹಿಂದೆ ರೂಪಾಯಿಯಗಲ ಹುಣ್ಣು.

ಡಾಕ್ಟರು ಪಟ್ಟಿಯನ್ನು ಕೈಗೆತ್ತಿಕೊಂಡು ಮೇಲೆ ನೋಡಿದರು, ಒಳಗೆ ತಿರುಗಿಸಿ ಬೆರಳು ಆಡಿಸಿದರು. ದಪ್ಪ ಸೂಜಿ ಅಗಲ ತೂತಿಗೆ ಇಳಿದಾಗಲೆಲ್ಲ ಕೆಳಗಿದ್ದ ಮೆತ್ತನೆಯ ಚರ್ಮವನ್ನೂ ತನ್ನ ಜೊತೆ ಎಳೆದೊಯ್ದು, ಹೊಲಿಗೆಹೊಲಿಗೆಗೂ ಒಂದು ಗಂಟು ಎಬ್ಬಿಸಿತ್ತು. ಗಂಟಿನ ಪಕ್ಕದಲ್ಲೇ ಹಲ್ಲುಗಳ ಗುರುತು.

“ಇದನ್ನ ಹೊಲದಾಂವಗ ಕಣ್ಣ ಅದಾವೋ ಇಲ್ಲೋ? ಮ್ಯಾಲೆ ಚಂದ ಐತಿ, ಒಳಗ ಕರಗಸ ಐತಿ. ಎಲ್ಲಿ ತಗೊಂಡ್ರಿ?” ಎಂದು ಕೇಳಿದರು.

ಯಲ್ಲಾರಿ ಬಾಯಿ ತೆರೆದ. ಅವನಿಗಿಂತ ಮೊದಲು ಕೆಂಪವ್ವ ಹೇಳಿದಳು: “ಪ್ಯಾಟ್ಯಾಗ ರಿ.”

ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವಳು ಕಣ್ಣು ಮಿಟುಕಿಸದೆ ಹೇಳಿದಳು. ಯಲ್ಲಾರಿಗೆ ಅದನ್ನು ತಿದ್ದುವ ಧೈರ್ಯ ಬರಲಿಲ್ಲ. ಬರಲಿಲ್ಲವೆಂದು ಸುಮ್ಮನಿದ್ದರೂ ಆಗುತ್ತಿತ್ತು. ಅವನು ತಲೆಯಾಡಿಸಿ, ಪೇಟೆಯವರೆಲ್ಲ ಹೀಗೇ, ಇಂಥವರನ್ನು ಮಷಿನ್ನಿನ ಹತ್ತಿರ ಬಿಡಲೇಬಾರದು ಎಂದು ಡಾಕ್ಟರ ಜೊತೆ ಸೇರಿ ಬೈದ. ಅದೂ ಎರಡೆರಡು ಸಲ. ಡಾಕ್ಟರಿಗೆ ಅವನ ಕಳಕಳಿ ಮೆಚ್ಚಿಗೆಯಾದಂತಿತ್ತು.

ಆಮೇಲೆ ಡಾಕ್ಟರು ಬೈಗುಳ ಬಿಟ್ಟು ವಿಷಯಕ್ಕೆ ಬಂದರು. ಈ ಕಾಲಿಗೆ ರಕ್ತ ಓಡಾಟ ಕಡಿಮೆ, ಹುಣ್ಣು ಮಾಯಲು ಒಂದು ತಿಂಗಳು ಬೇಕು. ಮಾಯ್ದ ಮೇಲೆ ಮತ್ತೊಮ್ಮೆ ಅಲ್ಲೇ ಹುಣ್ಣಾದರೆ ಕ್ಯಾಲಿಪರ್ ಬಿಡಬೇಕಾಗುತ್ತದೆ, ಗಾಲಿಕುರ್ಚಿಯೇ ಗತಿ. ಕೆಂಪವ್ವಳ ನೌಕರಿ ಇನ್ನೂ ಎರಡು ವರ್ಷ ಇತ್ತು. ಕೂತು ಪಾಠ ಮಾಡಿ ಅವಳಿಗೆ ಗೊತ್ತೇ ಇರಲಿಲ್ಲ. ಬೆಳಗಾವಿಯಲ್ಲಿ ಬೇರೆ ಪಟ್ಟಿ ಮಾಡಿಸೋಣವೇ ಎಂದು ಡಾಕ್ಟರು ಕೇಳಿದರೆ, ಬೇಡ, ತಮ್ಮ ಬೇರೆ ಅಂಗಡಿಯಿಂದ ಒಳ್ಳೆಯದು ತರುತ್ತಾನೆ ಎಂದು ಅವಳು ಯಲ್ಲಾರಿಯ ಕಡೆಗೆ ನೋಡಿದಳು. ಹಾಗೆ ಅವಳ ಕಾಲು ಅವನ ಪಾಲಿಗೆ ಬಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಅವಳನ್ನು ಕೂರಿಸಿ, ಚೀಟಿ ಇಡಲು ಅವಳ ಚೀಲ ತೆಗೆದ. ಒಳಗೆ ಅರಿವೆಯ ತುಂಡುಗಳಿದ್ದವು, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಸುತ್ತ ಕೈಯಲ್ಲಿ ಹೊಲಿದವು. ಅವುಗಳ ಅಗಲ ಉದ್ದ ಯಲ್ಲಾರಿಗೆ ನೋಡಿದ ಕೂಡಲೇ ಗೊತ್ತಾಯಿತು, ಏಕೆಂದರೆ ಅದು ಅವನದೇ ಅಳತೆ, ಪಟ್ಟಿಯ ಅಳತೆ. ಅಂಕಲಗಿಯ ಮನೆಯ ಹಿತ್ತಲಲ್ಲಿ ಇಂಥ ಅರಿವೆ ತಂತಿಯ ಮೇಲೆ ಒಣಗುವುದನ್ನು ಅವನು ಹನ್ನೊಂದು ವರ್ಷದಿಂದ ಕಂಡಿದ್ದ. ಶಾಲೆಯ ಕರಿಹಲಗೆ ಒರೆಸುವ ಅರಿವೆ ಎಂದುಕೊಂಡಿದ್ದ. ಒಮ್ಮೆ ಚೆನ್ನಾಗಿವೆಯಲ್ಲ ಎಂದು ಎರಡು ಕೇಳಿ ತಂದು, ಅವುಗಳಿಂದ ಮಷಿನ್ನಿನ ಎಣ್ಣೆ ಒರೆಸುತ್ತಿದ್ದ. ಆ ನೆನಪು ಬಂದಾಗ ಅವನಿಗೆ ಅಲ್ಲೇ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಚೀಟಿಯನ್ನು ಚೀಲದಲ್ಲಿಟ್ಟು, ಚಹಾ ಕುಡೀತಿ ಏನಕ್ಕಾ ಎಂದು ಕೇಳಿದ.

ಆ ರಾತ್ರಿ ಹಳೆಯ ಪಟ್ಟಿಯನ್ನು ತನ್ನ ಮನೆಗೆ ತಂದ. ಮರುದಿನ ಅದನ್ನು ತನ್ನ ಮೀನಖಂಡಕ್ಕೆ ಬಿಗಿದು, ಮೇಲೆ ಪ್ಯಾಂಟು ಹಾಕಿ, ಏನೂ ಆಗದವನಂತೆ ಅಂಗಡಿಗೆ ಹೊರಟ. ಬಸ್ ಸ್ಟ್ಯಾಂಡಿನವರೆಗೆ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕುಂಟುತ್ತಿದ್ದ. ಕಾಲಿಗೇನಾಯಿತು ಎಂದು ಕೇಳಿದವರಿಗೆ ಉಳುಕಿದೆ ಎಂದ. ನಾಲ್ಕು ಗಂಟೆಗೆ ಶಟರ್ ಅರ್ಧ ಇಳಿಸಿ, ಪಟ್ಟಿ ಕಿತ್ತು ಮೂಲೆಗೆಸೆದು, ಗೋಡೆಗೆ ಒರಗಿ ಕೂತ. ಹೊಲಿಗೆ ಮಾತ್ರ ಒಂದೂ ಬಿಚ್ಚಿರಲಿಲ್ಲ. ಹನ್ನೊಂದು ವರ್ಷ ಅಲ್ಲ, ಹನ್ನೊಂದು ತಾಸು ಕೂಡ ತನ್ನಿಂದ ಆಗಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು, ಅತ್ತ.

ಅತ್ತವನು ಮಾರನೆಯ ದಿನ ಗೋಕಾಕಕ್ಕೆ ಹೋದ. ಅಲ್ಲಿ ಮಷಿನ್ನಿನ ಬಿಡಿಭಾಗ ಮಾರುವ ಸ್ವಪ್ನಿಲ್ ಎಂಬ ತರುಣ, ಚರ್ಮ ಎಷ್ಟು ದಪ್ಪ, ದಾರ ಯಾವುದು, ಸೂಜಿ ಎಷ್ಟನೇ ನಂಬರು, ಹಲ್ಲು ತಂದಿದ್ದೀರಾ ಎಂದು ತಾಳ್ಮೆಯಿಂದ ಕೇಳಿದ. ಕಸುಬಿಗೆ ಬಂದು ಮೂವತ್ತು ವರ್ಷವಾದವನಿಗೆ ನಿನ್ನೆ ಮೊನ್ನೆಯ ಹುಡುಗ ಪ್ರಶ್ನೆ ಕೇಳುವುದೇ ಎಂದು ಯಲ್ಲಾರಿಗೆ ಕಸಿವಿಸಿ. ಅಗಲ ತೂತಿನಿಂದ ಕೆಟ್ಟಿತು, ಆದ್ದರಿಂದ ಎಲ್ಲಕ್ಕಿಂತ ಸಣ್ಣ ತೂತಿನದು ಕೊಡು ಎಂದ. ಹಲ್ಲು ಇಲ್ಲದೆ ಬರೀ ಪ್ಲೇಟು ಒಯ್ದರೆ ಕೂಡುವುದಿಲ್ಲ ಎಂದು ಸ್ವಪ್ನಿಲ್ ಹೇಳಿದ್ದು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಂಗಡಿಗೆ ಬಂದು ಕೂಡಿಸಿ ಪೆಡಲ್ ಒತ್ತಿದರೆ, ಹಳೆಯ ದಪ್ಪ ಹಲ್ಲು ಹೊಸ ಪ್ಲೇಟಿನ ಸಣ್ಣ ಸೀಳಿಗೆ ಬಡಿದು ಮಷಿನ್ನು ಗಟ್ಟಿ ಹಿಡಿದುಕೊಂಡಿತು. ಹಲ್ಲನ್ನು ಉಜ್ಜಿ ಹೇಗೋ ತೂರಿಸಿದ. ಆಗ ದಪ್ಪ ಸೂಜಿ ಸಣ್ಣ ತೂತಿನ ಅಂಚಿಗೆ ತಾಗಿ ಪಟ್ಟನೆ ಮುರಿದು, ತುಂಡು ಹಾರಿ ಅವನ ಚಷ್ಮಾಕ್ಕೆ ಬಡಿಯಿತು. ಸಣ್ಣ ಸೂಜಿ ಹಾಕಿದರೆ ದಪ್ಪ ದಾರ ಅದರ ಕಣ್ಣಲ್ಲಿ ಹಿಂಜಿಕೊಂಡಿತು. ಹಳೆಯ ಪ್ಲೇಟನ್ನೇ ಹಾಕಿ, ಪಟ್ಟಿ ಮಗುಚಿ, ಆಡಿನ ಚರ್ಮ ಮೇಲೆ ಬರುವಂತೆ ಹೊಲಿದು ನೋಡಿದ. ದಪ್ಪ ಸೂಜಿ ಅದನ್ನು ಅಂಚಿನುದ್ದಕ್ಕೂ ಹರಿಯಿತು. ಮೂರು ದಿನದಲ್ಲಿ ಏಳು ಸೂಜಿ, ಒಂದು ಇಡೀ ಆಡಿನ ಚರ್ಮ ಹಾಳಾಯಿತು. ಹೆಂಡತಿ ಸುನಂದಾ ಬಂದು ನೋಡಿ, ಮಷಿನ್ ಕಲಿಯಲು ಯಾರ ಹತ್ತಿರವಾದರೂ ಹೋಗಬಾರದೇ ಎಂದಳು. ಅವಳು ಚೇಷ್ಟೆಗೆ ಹೇಳಿದ್ದು. ಅವನು ನಿಜವಾಗಿಯೂ ಹೋದ.

ಘಟಪ್ರಭಾಕ್ಕೆ ಬಂದು, ಹುಕ್ಕೇರಿ ಬಸ್ಸು ಹಿಡಿದು, ಅಲ್ಲಿಂದ ಹತ್ತರಗಿಗೆ. ಹೊಳೆಪ್ಪ ಎಂಬತ್ತು ದಾಟಿದ್ದ, ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಯಲ್ಲಾರಿ ಸುತ್ತು ಬಳಸದೆ ಎಲ್ಲ ಹೇಳಿದ, ಬೆರಳ ತುದಿಯಲ್ಲಿ ಎತ್ತಿ ಬಿಟ್ಟುಹೋದ ಆ ಪ್ಲೇಟು ಇನ್ನೂ ಇದೆಯೇ ಎಂದು ಕೇಳಿದ. ಹೊಳೆಪ್ಪ ಕಾಲಿನಿಂದ ನೆಲ ತೋರಿಸಿದ. ಹೊರಸಿನ ಒಂದು ಕಾಲು ಗಿಡ್ಡ. ಅದು ಅಲ್ಲಾಡಬಾರದೆಂದು ಕೆಳಗೆ ಆ ಪ್ಲೇಟನ್ನು ಇಟ್ಟಿದ್ದ. ಹನ್ನೊಂದು ವರ್ಷ ಅವನ ನಿದ್ದೆ ಅದರ ಮೇಲೆ ನಡೆದಿತ್ತು. ಸಣ್ಣ ಹಲ್ಲು ತಂಬಾಕಿನ ಹಳೆಯ ಡಬ್ಬಿಯಲ್ಲಿ ಸಿಕ್ಕಿತು.

“ಕಾಕಾ, ಯಾವ ತೂತು ಬೇಕಂತ ನನಗ ತಿಳೀಲಿಲ್ಲ,” ಎಂದ ಯಲ್ಲಾರಿ.

“ನೀ ತೂತಿನಿಂದ ಸುರು ಮಾಡಿದಿ, ಅದಕ್ಕ ತಿಳೀಲಿಲ್ಲ,” ಎಂದ ಹೊಳೆಪ್ಪ. “ಮೊದ್ಲ ಚರ್ಮ ನೋಡಬೇಕು. ಚರ್ಮಕ್ಕ ತಕ್ಕ ದಾರ, ದಾರಕ್ಕ ತಕ್ಕ ಸೂಜಿ. ಸೂಜಿ ಇಳದಾಗ ಸುತ್ತ ಒಂದ ಕೂದಲಾ ಹೋಗೂವಷ್ಟ ಜಾಗಾ ಇರಬೇಕು, ಹೆಚ್ಚಿಗಿ ಬ್ಯಾಡ. ಪ್ಲೇಟ್ ಕಡೀಕ ಬರತೈತಿ, ತಮ್ಮಾ.”

ಯಲ್ಲಾರಿ ಹೊರಸಿನ ಕಾಲಿಗೆ ಹಳೆಯ ಟೈರಿನ ತುಂಡು ಕತ್ತರಿಸಿ ಕೊಟ್ಟು, ಮುದುಕನನ್ನು ಕೂರಿಸಿ ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ಲೇಟನ್ನು ಅಂಗಿಯ ಒಳಜೇಬಿನಲ್ಲಿಟ್ಟು ಹೊರಟ.

ಈ ಸಲ ಯಲ್ಲಾರಿ ಹೊಳೆಪ್ಪ ಹೇಳಿದ ಕ್ರಮದಲ್ಲೇ ಮಾಡಿದ. ಆಡಿನ ಚರ್ಮವನ್ನು ಬೆರಳಲ್ಲಿ ಹಿಡಿದು ಎಷ್ಟು ಮೆತ್ತಗಿದೆ ನೋಡಿದ, ಸಣ್ಣ ದಾರ ಆರಿಸಿದ, ಅದು ಸಲೀಸಾಗಿ ಜಾರುವ ಸೂಜಿ ಆರಿಸಿದ, ಪ್ಲೇಟು ಹಲ್ಲು ಎರಡನ್ನೂ ಒಟ್ಟಿಗೆ ಕೂಡಿಸಿದ. ತನ್ನ ತಲೆಯಿಂದ ಒಂದು ಕೂದಲು ಕಿತ್ತು ಸೂಜಿಯ ಪಕ್ಕ ಇಳಿಸಿಯೂ ನೋಡಿದ. ಇರುವುದೇ ನಾಲ್ಕು ಕೂದಲು, ಅದರಲ್ಲಿ ಒಂದು ಹೋಯಿತು ಎಂದು ಈಗ ಹೇಳುತ್ತಾನೆ. ಹೊಲಿದ ಪಟ್ಟಿಯಲ್ಲಿ ಗಂಟು ಏಳಲಿಲ್ಲ. ಅದನ್ನು ಮತ್ತೆ ತನ್ನ ಕಾಲಿಗೇ ಬಿಗಿದು ಓಡಾಡಿದ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಬೆವರಿನಲ್ಲಿ ತೆಳ್ಳಗೆ ಒಂದು ಕೆಂಪು ಗೆರೆ ಮೂಡಿತು. ಹಲ್ಲು ಎಷ್ಟೇ ಸಣ್ಣದಿರಲಿ, ಕೆಳಗಿನ ಮೈಯನ್ನು ಕಚ್ಚದೆ ಎಳೆಯಲಾರದು.

ಕೆಂಪವ್ವ ಮತ್ತೆ ಕಾಲು ಕೆಳಗಿಡಲು ನಾಲ್ಕು ದಿನ ಉಳಿದಿತ್ತು. ಯಲ್ಲಾರಿ ಪಟ್ಟಿಯನ್ನು ಮಷಿನ್ನಿನ ಮೇಲಿಟ್ಟು ಹಿಂದೆಮುಂದೆ ತಿರುಗಿಸಿ ನೋಡಿದ. ಮಗುಚಿ ಹೊಲಿಯುವುದೊಂದೇ ದಾರಿ. ದಪ್ಪ ಸೂಜಿ ಇಲ್ಲದ್ದರಿಂದ ಆಡಿನ ಚರ್ಮ ಈಗ ಹರಿಯುವುದಿಲ್ಲ. ಆದರೆ ಹಾಗೆ ಹೊಲಿದರೆ ಹಲ್ಲಿನ ಗುರುತೆಲ್ಲ ಹೊರಗಿನ ದಪ್ಪ ಚರ್ಮದ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಕಡೆ. ಚಂದದ ಮುಖ ಯಾವಾಗಲೂ ಮೇಲಿರಬೇಕು, ಗಿರಾಕಿ ನೋಡುವುದು ಅದನ್ನೇ ಎಂದು ಅಪ್ಪ ಹೇಳಿಕೊಟ್ಟಿದ್ದ. ಮೂವತ್ತು ವರ್ಷದಲ್ಲಿ ಗಿರಾಕಿಗೆ ಕೊಟ್ಟ ಮಾಲಿನಲ್ಲಿ ಯಲ್ಲಾರಿ ಆ ಮಾತು ಒಮ್ಮೆಯೂ ಮೀರಿರಲಿಲ್ಲ. ಈ ಪಟ್ಟಿಯ ಗಿರಾಕಿ ಕಾಲು, ಕಾಲಿಗೆ ಕಣ್ಣಿಲ್ಲ ಎಂದು ಅವನಿಗೆ ಹೊಳೆಯಲು ಐವತ್ತನಾಲ್ಕು ವರ್ಷವಾಗಬೇಕಾಯಿತು. ಪಟ್ಟಿ ಮಗುಚಿದ, ಹೊಲಿದ. ಹೊರಗಿನ ಮೈ ಇಲಿ ಕಡಿದಂತೆ ಕಂಡಿತು. ಒಳಗೆ ಕೈಯಾಡಿಸಿದರೆ ಎಲ್ಲಿ ಹೊಲಿಗೆ ಶುರುವಾಗಿದೆ ಎಂದೇ ತಿಳಿಯುತ್ತಿರಲಿಲ್ಲ.

ಆ ಪಟ್ಟಿ ಕಟ್ಟಿಕೊಂಡು ಕೆಂಪವ್ವ ಹದಿನೈದು ದಿನ ಶಾಲೆಗೆ ಹೋದ ಮೇಲೆ ಇಬ್ಬರೂ ಮತ್ತೆ ಘಟಪ್ರಭಾಕ್ಕೆ ಹೋದರು. ಡಾಕ್ಟರು ಕಾಲು ಒತ್ತಿ ನೋಡಿದರು. ಚುಕ್ಕೆಯಿಲ್ಲ, ಗೆರೆಯಿಲ್ಲ, ಹುಣ್ಣು ಮಾಯ್ದ ಕಡೆ ತೊಗಲು ತಣ್ಣಗಿತ್ತು. ಪಟ್ಟಿಯನ್ನು ಹೊರಗೆ ನೋಡಿ ಹುಬ್ಬೇರಿಸಿದರು, ಒಳಗೆ ಮುಟ್ಟಿ ತಲೆದೂಗಿದರು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು.

“ನಮ್ಮ ತಮ್ಮ ಮಾಡ್ಯಾನ್ರಿ,” ಎಂದಳು ಕೆಂಪವ್ವ.

ಅವನು ಹೊಲಿದ ಪಟ್ಟಿಗಳಲ್ಲೆಲ್ಲ ನೋಡಲು ಕುರೂಪವಾದದ್ದು ಅದು. ಅದಕ್ಕೆ ಅವಳು ಅವನ ಹೆಸರು ಹೇಳಿದಳು. ಯಲ್ಲಾರಿಗೆ ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗಲಿಲ್ಲ.

“ಡಾಕ್ಟರ್ ಬಾಯಾರ, ಹಿಂದಿಂದೂ ನಾನ ಹೊಲದಿದ್ರಿ. ಅವತ್ತ ನೀವು ಬೈದ್ರೆಲ್ಲ, ನಿಮ್ಮ ಜೋಡಿ ನಾನೂ ಬೈದ್ನೆಲ್ಲ, ಆ ಮನಶ್ಯಾ ನಾನ ರಿ.”

ಡಾಕ್ಟರು ಕೆಂಪವ್ವಳನ್ನು ನೋಡಿದರು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೆಂಪವ್ವ ನಗಲಿಲ್ಲ. ಅವನಿಗೆ ಬೈಯುವುದಿದ್ದರೆ ತಾನು ಬೈಯಬೇಕು, ಮಂದಿಯಿಂದ ಯಾಕೆ ಬೈಸಬೇಕು ಎಂದು ಅವತ್ತು ಹೇಳಲಿಲ್ಲ ಎಂದಳು.

ಬಸ್ಸಿಗೆ ಕಾಯುವಾಗ ಯಲ್ಲಾರಿ ಕೇಳಿಯೇ ಬಿಟ್ಟ: ಹಾಗಾದರೆ ಅವಳಾದರೂ ಯಾಕೆ ಬೈಯಲಿಲ್ಲ, ಹನ್ನೊಂದು ವರ್ಷ ಅರಿವೆ ಕಟ್ಟಿಕೊಂಡು ಯಾಕೆ ಸುಮ್ಮನಿದ್ದಳು? ಕೆಂಪವ್ವ ಬಸ್ಸು ಬರುವ ಕಡೆಗೇ ನೋಡುತ್ತ ಹೇಳಿದಳು.

“ಬಂದಾಗೆಲ್ಲ ಪಟ್ಟಿ ಹೆಂಗೈತಿ ಅಂತ ಕೇಳ್ತಿದ್ದಿ, ಯಲ್ಲ್ಯಾ. ಪಟ್ಟಿ ಚಂದನ ಇತ್ತು. ಕಾಲು ಹೆಂಗೈತಿ ಅಂತ ಒಂದ ದಿನಾನೂ ಕೇಳಲಿಲ್ಲ.”

ಯಲ್ಲಾರಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಆರಿದ ಚಹಾ ಕುಡಿದು ಮುಗಿಸುತ್ತಾನೆ. ಈಗ ಅವನು ಪ್ರತಿ ಭಾನುವಾರ ಅಂಕಲಗಿಗೆ ಫೋನ್ ಮಾಡುತ್ತಾನೆ, ಹಲೋ ಎನ್ನುವ ಮೊದಲೇ ಅಕ್ಕಾ ಕಾಲು ಹೆಂಗೈತಿ ಎಂದು ಕೇಳುತ್ತಾನೆ. ಮೊದಮೊದಲು ಅವಳು ಚಲೋ ಐತಿ ಎನ್ನುತ್ತಿದ್ದಳು. ಮೊನ್ನೆ ಮಾತ್ರ, ಕಾಲು ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡಿಸಬ್ಯಾಡ, ಒಮ್ಮೆ ಪಟ್ಟೀನೂ ಹೆಂಗೈತಿ ಅಂತ ಕೇಳು ಎಂದಳು. ಅವನು ಕೇಳಿದ. ನೋಡಾಕ ಭಾಳ ಹೊಲಸ ಐತಿ ಎಂದಳು, ಹಾಗೆಂದು ಹೇಳುವಾಗ ಅವಳು ನಡೆಯುತ್ತಿದ್ದ ಸದ್ದು ಫೋನಿನಲ್ಲಿ ಕೇಳುತ್ತಿತ್ತು.